ಮೊಣಕೈವರೆಗಿನ ಜೇಬು

ಹಿತ್ತಲಿನ ಮೊದಲ ಗಂಟೆಹೂ ಬಾಯಿ ಬಿಟ್ಟ ದಿನವೇ ಟೈಲರನಿಗೆ ಊಟ ಸೇರದೆ ಹೋಯಿತು. ಹೂ ನೋಡಿ ಹೆದರುವ ಗಂಡಸನ್ನು ನೀವು ಕಂಡಿದ್ದೀರಾ? ಈತ ಹೆದರಿದ. ಅರವತ್ತೆಂಟು ವರ್ಷದ ಮನುಷ್ಯ, ನಲವತ್ತೈದು ವರ್ಷ ಊರಿನವರ ಕೋಟು, ಪ್ಯಾಂಟು, ಶಾಲೆಯ ಸಮವಸ್ತ್ರ ಹೊಲಿದು ಬೆನ್ನು ಬಗ್ಗಿಸಿಕೊಂಡವನು, ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ನಿಂತು ಒಂದು ನೇರಳೆ ಹೂವನ್ನು ಕಳ್ಳನನ್ನು ನೋಡುವ ಹಾಗೆ ನೋಡಿದ. ಹೂವಿನ ಒಳಗಿಂದ ಜೇನುಹುಳವೊಂದು ಹಿಂದುಹಿಂದಕ್ಕೆ ಸರಿಯುತ್ತ ಹೊರಗೆ ಬಂತು. ಮೈ ಕೊಡವಿಕೊಂಡು, ಪಕ್ಕದ ಮೊಗ್ಗನ್ನೂ ಒಮ್ಮೆ ವಿಚಾರಿಸಿಕೊಂಡು ಹಾರಿಹೋಯಿತು.

"ಬಂತು," ಎಂದ.

"ಏನು ಬಂತು?" ಪಾತ್ರೆ ಒರೆಸುತ್ತಿದ್ದ ಹೆಂಡತಿ ಕೇಳಿದಳು.

"ಹುಳ."

"ಹೂ ಬಂದ್ಮೇಲೆ ಹುಳ ಬರದೆ ಪೋಸ್ಟ್‌ಮ್ಯಾನ್ ಬರ್ತಾನೇನ್ರೀ?" ಎಂದಳು ಆಕೆ. ಮಾತೇನೋ ಜೋರಾಗಿಯೇ ಇತ್ತು. ಆದರೆ ಒರೆಸಿದ ತಟ್ಟೆಯನ್ನೇ ಮತ್ತೆ ಮೂರು ಸಲ ಒರೆಸಿದಳು.

ಇವರಿಬ್ಬರ ಹೆದರಿಕೆಗೆ ಕಾರಣ ಆರು ವರ್ಷದ ಮೊಮ್ಮಗಳು. ಎದ್ದಾಗಿನಿಂದ ಮಲಗುವವರೆಗೆ ಪಟಪಟ ಸಿಡಿಯುತ್ತಲೇ ಇರುವ ಹುಡುಗಿ, ಹಾಗಾಗಿ ತಾತ ಇಟ್ಟ ಹೆಸರು ಚಿನಕುರುಳಿ. ಹೋದ ವರ್ಷ, ಹೂಗಳೆಲ್ಲ ಉದುರುವ ಕಾಲದಲ್ಲಿ, ಉದ್ಯಾನದ ಬೆಂಚಿನ ಕೆಳಗೆ ಬರಿಗಾಲಲ್ಲಿ ಆಡುತ್ತಿದ್ದವಳಿಗೆ ಒಂದು ಜೇನುಹುಳ ಕಚ್ಚಿತು. ಒಂದೇ ಒಂದು. ಐದು ನಿಮಿಷದೊಳಗೆ ಮಗುವಿನ ತುಟಿ ಊದಿತು, ಮೈಮೇಲೆ ಕೆಂಪು ಗಂಧೆಗಳೆದ್ದವು, ಉಸಿರು ಹಳೇ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತು. ರಸ್ತೆಯ ಆಚೆಗೇ ಆಸ್ಪತ್ರೆ ಇದ್ದದ್ದರಿಂದ ಉಳಿದಳು. ಅಷ್ಟೇ. ಆಸ್ಪತ್ರೆ ಎರಡು ರಸ್ತೆ ದೂರವಿದ್ದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ.

ಡಾಕ್ಟರಮ್ಮ ಎರಡು ದಪ್ಪ ಪೆನ್ನುಗಳನ್ನು ಮೇಜಿನ ಮೇಲಿಟ್ಟರು. ನೋಡಲು ಪೆನ್ನು, ಒಳಗೆ ಸೂಜಿ ಮತ್ತು ಔಷಧಿ. "ಇನ್ನೊಂದು ಸಲ ಕಚ್ಚಿದ್ರೆ ಇದಕ್ಕಿಂತ ಜೋರಾಗಿ ಆಗಬಹುದು. ಮಗು ಎಲ್ಲಿರುತ್ತೋ ಇವೆರಡೂ ಅಲ್ಲಿರಬೇಕು. ಹೊರತೊಡೆಯ ಮಧ್ಯಕ್ಕೆ ಒತ್ತಿ. ಕ್ಲಿಕ್ ಅನ್ನುತ್ತೆ. ಅಲ್ಲೇ ಹಿಡಿದು ಹತ್ತು ಎಣಿಸಿ. ಬಟ್ಟೆ ಬಿಚ್ಚೋಕೆ ಹೊತ್ತು ಕಳೀಬೇಡಿ, ಮೇಲಿಂದಲೇ ಚುಚ್ಚಿ," ಎಂದರು. ಅಭ್ಯಾಸಕ್ಕೆಂದು ಸೂಜಿಯಿಲ್ಲದ ಖಾಲಿ ಪೆನ್ನೊಂದನ್ನೂ ಕೊಟ್ಟರು.

ಚಳಿಗಾಲವೆಲ್ಲ ಹುಳಗಳಿರಲಿಲ್ಲ, ಹೆದರಿಕೆಯೂ ಮೂಲೆಯಲ್ಲಿ ಮಲಗಿತ್ತು. ಟೈಲರ್ ಮಾತ್ರ ದಿನಾ ಸಂಜೆ ಖಾಲಿ ಪೆನ್ನು ಹಿಡಿದು ದಿಂಬಿಗೆ ಚುಚ್ಚುತ್ತಿದ್ದ. ಮುಚ್ಚಳ ತೆಗೆ, ಒತ್ತು, ಕ್ಲಿಕ್, ಹತ್ತು ಎಣಿಸು. "ಆ ದಿಂಬಿನ ಜೀವ ಇನ್ನೆಷ್ಟು ಸಲ ಉಳಿಸ್ತೀರಿ, ಸಾಕು ಬಿಡಿ," ಎಂದು ಹೆಂಡತಿ ರೇಗಿಸುತ್ತಿದ್ದಳು. ಈತ ಬಿಡಲಿಲ್ಲ. ಕೈಗೆ ಕಣ್ಣು ಬರಬೇಕು, ತಲೆ ಓಡದಿದ್ದರೂ ಕೈ ತಾನಾಗಿ ಕೆಲಸ ಮಾಡಬೇಕು ಎನ್ನುವುದು ಅವನು ಕಸುಬಿನಿಂದ ಕಲಿತ ಪಾಠ.

ಈಗ ವಸಂತ ಮುಗಿಯುತ್ತ ಬಂದಿತ್ತು. ಹಿತ್ತಲೆಂದರೆ ದೊಡ್ಡದೇನಲ್ಲ, ಹಿಂಬಾಗಿಲಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಹದಿನೆಂಟು ಹೆಜ್ಜೆ. ಆದರೆ ಆ ಹದಿನೆಂಟು ಹೆಜ್ಜೆಯಲ್ಲಿ ಕಾಲಿಡಲು ಜಾಗವಿರದಂತೆ ಹೂ ತುಂಬುತ್ತಿತ್ತು. ಗೋಡೆಗೆ ಗುಲಾಬಿ, ಅಂಚಿಗೆ ಹೆಸರು ಗೊತ್ತಿಲ್ಲದ ಪುಟ್ಟ ನೀಲಿ ಹೂ, ಮಧ್ಯದಲ್ಲಿ ಸೊಂಟದೆತ್ತರದ ಗಂಟೆಹೂ. ಬೀಜದ ಪೊಟ್ಟಣದ ಮೇಲೆ ಅದಕ್ಕೆ ಗಜದುದ್ದದ ಹೆಸರಿತ್ತು, ಹೆಂಡತಿ ಅದನ್ನೆಲ್ಲ ಬದಿಗಿಟ್ಟು ಗಂಟೆಹೂ ಎಂದು ಕರೆದಿದ್ದಳು. ಈ ಗಿಡ ಬಿತ್ತಿದ ವರ್ಷ ಹೂ ಬಿಡುವುದಿಲ್ಲ. ಒಂದು ವರ್ಷವೆಲ್ಲ ಬರೀ ಎಲೆ ತೋರಿಸಿಕೊಂಡು ಕೂತು, ಎರಡನೆಯ ವರ್ಷ ಒಮ್ಮೆ ಹೂ ಬಿಟ್ಟು ಸಾಯುತ್ತದೆ. ಆಕೆ ಎರಡು ವರ್ಷ ಕಾದಿದ್ದಳು.

ಮೂರನೆಯ ಹೂ ಅರಳಿದ ದಿನ ಮಗಳು ಬಂದಳು. ಊರೊಳಗಿನ ಬಸ್ಸು ಓಡಿಸುವವಳು, ಖಾಕಿ ಅಂಗಿಯಲ್ಲೇ ಬಂದು ಹಿಂಬಾಗಿಲಲ್ಲಿ ನಿಂತಳು. ಅವಳು ಕೆಲಸ ಮುಗಿಸಿ ಬರುವವರೆಗೆ, ಶಾಲೆ ಬಿಟ್ಟ ಮೇಲಿನ ಹೊತ್ತೆಲ್ಲ ಚಿನಕುರುಳಿ ಈ ಮನೆಯಲ್ಲೇ ಇರುತ್ತಿದ್ದುದು.

"ಅಮ್ಮಾ, ಕತ್ತರಿಸಿಬಿಡು. ಒಂದೂ ಉಳಿಸಬೇಡ," ಎಂದಳು.

"ಕತ್ತರಿಸೋಣ," ಎಂದಳು ಅಮ್ಮ. ಗೋಡೆ ನೋಡಿಕೊಂಡು ಹೇಳಿದಳು.

ಅಷ್ಟಕ್ಕೆ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಟೈಲರನಿಗೆ ಒಂದು ಕಡೆ ಹೆಂಡತಿಯ ಮುಖ ಕಂಡಿತು, ಇನ್ನೊಂದು ಕಡೆ ಕಿಟಕಿಯ ಗಾಜಿಗೆ ಕೆನ್ನೆ ಒತ್ತಿಕೊಂಡು ಕೂತ ಮೊಮ್ಮಗಳು ಕಂಡಳು. ಒಂದು ವಾರದಿಂದ ಆ ಮಗುವನ್ನು ಹೊರಗೆ ಬಿಟ್ಟಿರಲಿಲ್ಲ. ಪಟಪಟ ಎನ್ನುವ ಬಾಯಿ ಮುಚ್ಚಿಹೋಗಿತ್ತು. ಈತನ ನಾಲಿಗೆ ಸುಮ್ಮನಿರಬೇಕಲ್ಲ!

"ಯಾಕೆ ಕತ್ತರಿಸ್ಬೇಕು? ನಾನೇನು ಸತ್ತಿದ್ದೀನಾ?" ಎಂದುಬಿಟ್ಟ. "ಅವಳಿಗೊಂದು ಡ್ರೆಸ್ ಹೊಲೀತೀನಿ. ಹುಳ ಅಲ್ಲ, ಹುಳದ ಅಪ್ಪ ಬಂದ್ರೂ ಒಳಗೆ ಹೋಗಬಾರದು, ಹಾಗೆ."

"ಅಪ್ಪಾ, ಇದು ಆಟ ಅಲ್ಲ."

"ನನ್ನ ಹೊಲಿಗೆ ಮೇಲೆ ನಂಬಿಕೆ ಇಲ್ವಾ ನಿಂಗೆ?"

ಮಗಳು ತನ್ನ ಖಾಕಿ ತೋಳಿನ ಹೊಲಿಗೆ ನೋಡಿಕೊಂಡಳು. ಅವಳು ಹುಟ್ಟಿದಾಗಿನಿಂದ ತೊಟ್ಟದ್ದೆಲ್ಲ ಅವನ ಹೊಲಿಗೆಯೇ. ಕೊನೆಗೆ, "ದಿನಕ್ಕೆ ಅರ್ಧ ಗಂಟೆ. ನೀನು ಎರಡು ಹೆಜ್ಜೆಗಿಂತ ಹೆಚ್ಚು ದೂರ ಹೋಗಬಾರದು. ಪೆನ್ನುಗಳು ನಿನ್ನ ಕೊರಳಲ್ಲಿರಬೇಕು. ಅವಳು ಹೂ ಮುಟ್ಟಬಾರದು," ಎಂದು ಬೆರಳು ಮಡಿಸಿ ಹೇಳಿ ಹೋದಳು.

ಡೇರೆ ಹೊಲಿದು ಮಿಕ್ಕಿದ್ದ ದಪ್ಪ ಕ್ಯಾನ್ವಾಸ್ ಬಟ್ಟೆ ಅಟ್ಟದಲ್ಲಿತ್ತು. ಅದನ್ನು ಎರಡು ಪದರ ಮಾಡಿ ನಡುವೆ ಹತ್ತಿಯ ಹಾಳೆ ಇಟ್ಟ. ಎಲ್ಲ ಕಡೆ ಮೂರು ಮೂರು ಸಾಲು ಹೊಲಿಗೆ ಹಾಕಿದ. ಮೇಲಂಗಿಯನ್ನೂ ಪ್ಯಾಂಟನ್ನೂ ಸೊಂಟದಲ್ಲಿ ಒಂದಕ್ಕೊಂದು ಸೇರಿಸಿ, ಬೆನ್ನಿಗೆ ಹದಿನಾಲ್ಕು ಕೊಕ್ಕೆ ಇಟ್ಟು, ಕೊಕ್ಕೆಗಳ ಮೇಲೆ ಇನ್ನೊಂದು ಪಟ್ಟಿ ಮುಚ್ಚಿದ. ತೋಳಿನ ತುದಿಗೆ ಕೈಗವಸು, ಕಾಲಿನ ತುದಿಗೆ ಕಾಲುಚೀಲ, ತಲೆಗೆ ಅಗಲ ಟೋಪಿ, ಟೋಪಿಯಿಂದ ಕೊರಳಪಟ್ಟಿಯ ಒಳಗಿಳಿಯುವ ಬಲೆ. ಎಲ್ಲ ಮುಗಿದ ಮೇಲೆ ತನ್ನ ಡಬ್ಬಿಯಲ್ಲಿದ್ದ ಅತಿ ದಪ್ಪ ಸೂಜಿಯನ್ನು ತೆಗೆದು ಪ್ಯಾಂಟಿನ ಕಾಲಿಗೆ ಬಲವಾಗಿ ಚುಚ್ಚಿದ. ಸೂಜಿ ಬಾಗಿತು, ಒಳಗೆ ಹೋಗಲಿಲ್ಲ. "ನೋಡೇ! ನೋಡಿಲ್ಲಿ!" ಎಂದು ಹೆಂಡತಿಯನ್ನು ಕೂಗಿ ಕರೆದು ಬಾಗಿದ ಸೂಜಿಯನ್ನು ಪದಕದ ಹಾಗೆ ತೋರಿಸಿದ.

ತೊಡಿಸಿ ನೋಡುವಾಗ ಚಿನಕುರುಳಿ ಕಾಲು ಕಂಬ ಮಾಡಿ ನಿಂತಳು. "ಜೇಬೆಲ್ಲಿ?"

"ಇದಕ್ಕೆ ಜೇಬಿಲ್ಲ ಕಣಮ್ಮ."

"ಜೇಬಿಲ್ದೆ ನಾನು ಹಾಕ್ಕೊಳಲ್ಲ. ಕಲ್ಲು ಸಿಕ್ರೆ ಎಲ್ಲಿಡ್ಲಿ?"

"ತಾತನ ಕೈಗೆ ಕೊಡು."

"ತಾತನ ಕೈ ನಡುಗುತ್ತೆ, ಬೀಳಿಸ್ತೀಯ." ಇಷ್ಟು ದಿನ ಮುಚ್ಚಿದ್ದ ಬಾಯಿ ತೆರೆದದ್ದೇ ತಾತನಿಗೆ ಹಬ್ಬವಾಯಿತು. "ನಂಗೆ ಮೊಣಕೈವರೆಗೂ ಕೈ ಹೋಗೋ ಜೇಬು ಬೇಕು."

ಮೇಲಂಗಿ ಸೊಂಟದ ಕೆಳಕ್ಕಿಳಿದಿದ್ದರಿಂದ ಜೇಬಿನ ಬಾಯಿಯನ್ನು ಪ್ಯಾಂಟಿನ ಬಲತೊಡೆಯ ಪಕ್ಕಕ್ಕೆ, ಹೊಲಿಗೆಯ ಉದ್ದಕ್ಕೇ ತೆರೆದ. ಒಳಚೀಲಕ್ಕೆ ಕ್ಯಾನ್ವಾಸ್ ಹಾಕಿದರೆ ತೊಡೆ ಉಜ್ಜುತ್ತದೆ ಎಂದು ಅವಳು ಮುಖ ಕಿವುಚಿದ್ದಕ್ಕೆ, ತೊಳೆದು ತೊಳೆದು ಸವೆದ ದಿಂಬಿನ ಚೀಲವೊಂದರ ಮೆತ್ತನೆ ಬಟ್ಟೆ ಹಾಕಿದ. ಮೊಣಕೈಯವರೆಗೆ ಕೈ ಇಳಿಸಿ ನೋಡಿ, "ಹೂಂ, ಪರವಾಗಿಲ್ಲ," ಎಂದು ಒಪ್ಪಿಗೆ ಕೊಟ್ಟಳು ಮಹಾರಾಣಿ.

ಆಮೇಲಿನ ಒಂದು ವಾರ ಟೈಲರನ ಜೀವ ಅಂಗೈಯಲ್ಲಿತ್ತು. ಗಂಟೆಹೂಗಳು ಒಂದೊಂದು ಕಡ್ಡಿಗೆ ಇಪ್ಪತ್ತು ಇಪ್ಪತ್ತು ಬಾಯಿ ಬಿಟ್ಟವು. ಗುಲಾಬಿ ಗೋಡೆ ಹತ್ತಿತು. ಹಿತ್ತಲಿನಲ್ಲಿ ದೂರದ ಹೊಲಿಗೆಯಂತ್ರದ ಮೋಟಾರಿನಂಥ ಸದ್ದು ಹಗಲೆಲ್ಲ ಕೇಳುತ್ತಿತ್ತು. ಚಿನಕುರುಳಿ ಕರಡಿಮರಿಯ ಹಾಗೆ ಹೆಜ್ಜೆ ಹಾಕುತ್ತ ಹೂಗಳ ನಡುವೆ ಓಡಾಡುವಳು. ಹಿಂದಿನಿಂದ ತಾತ, ಕೊರಳಲ್ಲಿ ಎರಡು ಪೆನ್ನುಗಳ ಡಬ್ಬಿ, ಪಕ್ಕದಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ, ಮೈಯೆಲ್ಲ ಕಣ್ಣು. ಒಂದು ದಿನ ಹುಳವೊಂದು ಅವಳ ಬಲೆಯ ಮೇಲೆ, ಕಣ್ಣಿನ ಎದುರಿಗೇ ಬಂದು ಕೂತಿತು. ತಾತ ಪೆನ್ನಿನ ಡಬ್ಬಿಗೆ ಕೈ ಹಾಕಿದ. "ನಮಸ್ಕಾರ ಹುಳಪ್ಪ," ಎಂದಳು ಅವಳು. ಹುಳಪ್ಪ ಹೋಯಿತು. ಒಳಗೆ ಬಂದು ಈತ ಎರಡು ಲೋಟ ನೀರು ಕುಡಿದ, ಮೂರನೆಯದನ್ನು ಮೈಮೇಲೆ ಚೆಲ್ಲಿಕೊಂಡ.

"ನಾಳೆಯಿಂದ ಬೇಡ ಅನ್ನಿ," ಎಂದಳು ಹೆಂಡತಿ.

"ಬೇಡ ಅಂದ್ರೆ ಹೂ ಕತ್ತರಿಸ್ಬೇಕು."

"ಕತ್ತರಿಸ್ತೀನಿ. ನೀವು ಹೀಗೆ ದಿನಾ ಸಾಯೋದು ನೋಡಕ್ಕಾಗಲ್ಲ."

"ಏನೂ ಆಗಲ್ಲ ಬಿಡು. ನನ್ನ ಹೊಲಿಗೆ ಅದು," ಎಂದ. ಹೆದರಿಕೆಗಿಂತ ಜಂಬ ಒಂದು ಗುಲಗಂಜಿ ಹೆಚ್ಚಿತ್ತು, ಅದೇ ಬಂದ ತೊಂದರೆ.

ಎಂಟನೆಯ ದಿನ ಮಧ್ಯಾಹ್ನ ಮೋಡ ಮುಚ್ಚಿ ಥಂಡಿ ಗಾಳಿ ಬೀಸಿತು. ಹಿತ್ತಲಿನ ಮೋಟಾರು ನಿಂತಿತ್ತು. ಗುಲಾಬಿಯ ಮೇಲೆ ಹುಳವಿಲ್ಲ, ನೀಲಿ ಹೂವಿನ ಮೇಲೆ ಹುಳವಿಲ್ಲ. ಅಬ್ಬ ಎಂದು ಟೈಲರ್ ಎಷ್ಟೋ ದಿನದ ಮೇಲೆ ಭುಜ ಇಳಿಬಿಟ್ಟ.

"ತಾತ, ಅಮ್ಮಂಗೆ ಒಂದು ಹೂ ಬೇಕು."

"ಅಮ್ಮ ಕೇಳಿದ್ಲಾ?"

"ಕೇಳಿಲ್ಲ. ಅವಳು ಬಸ್ಸಲ್ಲಿ ಕೂತು ಕೂತು ಹೂವೇ ನೋಡಿಲ್ವಂತೆ. ನಾನು ಮುಟ್ಟಲ್ಲ, ನೀನೇ ಕಿತ್ತು ಕೊಡು."

ಮುಟ್ಟಬಾರದು ಎಂದದ್ದು ಮಗುವಿಗೆ ತಾನೆ? ಟೈಲರ್ ಒಂದು ದೊಡ್ಡ ಹೂ ಆರಿಸಿದ. ಸುತ್ತ ನೋಡಿದ, ಮೇಲೆ ನೋಡಿದ, ಎಸಳು ಎಸಳು ನೋಡಿದ. ಬಟ್ಟೆಯ ನೇಯ್ಗೆ ನೋಡುವ ಕಣ್ಣು ಅದು, ಒಂದು ಇರುವೆಯನ್ನೂ ಬಿಡಲಿಲ್ಲ. ದಾರದ ಕತ್ತರಿಯಿಂದ ತೊಟ್ಟು ಕತ್ತರಿಸಿ, ಗಾಳಿಗೆ ಹರಿಯದಿರಲಿ ಎಂದು ತನ್ನ ಕೈಯಾರೆ ಅವಳ ಜೇಬಿಗೆ ಇಳಿಸಿದ.

ಹೊರಗನ್ನೆಲ್ಲ ನೋಡಿದವನು ಹೂವಿನ ಬಾಯೊಳಗೆ ನೋಡಲಿಲ್ಲ. ಥಂಡಿಗೆ ಮೈ ಮರಗಟ್ಟಿದ ಹುಳ ಬೆಚ್ಚಗಿರಲೆಂದು ಹೋಗುವುದು ಅಲ್ಲಿಗೇ. ಮೊದಲ ದಿನ ಅದು ಹಿಂದುಹಿಂದಕ್ಕೆ ಸರಿದು ಹೊರಬಂದದ್ದನ್ನು ಈತ ಕಣ್ಣಾರೆ ಕಂಡಿದ್ದ.

ನಾಲ್ಕು ಹೆಜ್ಜೆ ನಡೆದು ಚಿನಕುರುಳಿ ನಿಂತಳು.

"ತಾತ, ಜೇಬು ಗುಯ್ ಅಂತಿದೆ."

"ಅಲ್ಲಾಡಬೇಡ. ಕೈ ಹಾಕಬೇಡ. ತಾತ ಬಂದೆ, ತಾತ ಬಂದೆ," ಎನ್ನುತ್ತ ಇರುವುದೇ ಎರಡು ಹೆಜ್ಜೆ ದೂರವನ್ನು ದಾಟುವಷ್ಟರಲ್ಲಿ ಅವಳು "ಹಾ!" ಎಂದು ತೊಡೆ ಹಿಡಿದುಕೊಂಡಳು.

ಹೆಂಡತಿಯನ್ನು ಕೂಗಿದ. ಏನೆಂದು ಕೂಗಿದನೋ ಅವನಿಗೇ ಗೊತ್ತಿಲ್ಲ. ಆಕೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದವಳು, ಮಗುವನ್ನು ಕಂಡು ಫೋನಿಗೆ ಓಡಿದಳು. ಆಂಬುಲೆನ್ಸಿನವರಿಗೆ ಆಕೆ ವಿಳಾಸ ಹೇಳುವುದು, ಒಡೆದ ದನಿಯಲ್ಲಿ ಮನೆ ನಂಬರನ್ನು ಎರಡೆರಡು ಸಲ ಹೇಳುವುದು ಕೇಳುತ್ತಿತ್ತು. ಟೈಲರ್ ಮಗುವನ್ನು ಹುಲ್ಲಿನ ಮೇಲೆ ಮಲಗಿಸಿ ಬಲೆ ಎತ್ತಿದ. ತುಟಿಯ ಒಂದು ಮೂಲೆ ಆಗಲೇ ಊದಿತ್ತು. "ಗಂಟಲು ನವೆ ತಾತ," ಎಂದಳು. ಆಮೇಲೆ ಅದೇ ಹಳೇ ಬಾಗಿಲಿನ ಕಿರುಗುಟ್ಟುವ ಸದ್ದು.

ಕೈ ತಾನಾಗಿ ಕೆಲಸ ಮಾಡಿತು. ಚಳಿಗಾಲವೆಲ್ಲ ಕಲಿತ ಕೈ. ಡಬ್ಬಿ ತೆಗೆ, ಮುಚ್ಚಳ ತೆಗೆ. ತನ್ನ ಹತ್ತಿರ ಇದ್ದದ್ದು ಎಡತೊಡೆ, ಅದರ ಮಧ್ಯಕ್ಕೆ ಒತ್ತು. ಕ್ಲಿಕ್. ಒಂದು, ಎರಡು, ಮೂರು. ಹತ್ತರವರೆಗೂ ಎಣಿಸಿ ಪೆನ್ನು ಎತ್ತಿದ.

ಕ್ಯಾನ್ವಾಸಿನ ಮೇಲೆ ಹೆಬ್ಬೆರಳಿನಷ್ಟು ಅಗಲದ ಒದ್ದೆ ಕಲೆ.

ಅದನ್ನೇ ನೋಡಿದ. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಔಷಧಿಯನ್ನು ಬಟ್ಟೆ ಕುಡಿದಿತ್ತು. ಸೂಜಿ ಬಾಗಿತ್ತು, ಅಂದು ಅವನು ಹೆಂಡತಿಗೆ ತೋರಿಸಿ ಮೆರೆದ ಸೂಜಿಯ ಹಾಗೆಯೇ ಬಾಗಿತ್ತು. ಹುಳದ ಅಪ್ಪ ಬಂದರೂ ಒಳಗೆ ಹೋಗದ ಬಟ್ಟೆಯೊಳಗೆ ಪೆನ್ನಿನ ಸೂಜಿ ಹೋಗುವುದೆಲ್ಲಿಂದ ಬಂತು? ಅಯ್ಯೋ ನನ್ನ ಕರ್ಮವೇ ಎಂದು ಬಾಯಿ ಬಡಿದುಕೊಳ್ಳಲೂ ಉಸಿರಿರಲಿಲ್ಲ. ಎರಡು ಪೆನ್ನಿನಲ್ಲಿ ಒಂದು ಹೋಯಿತು.

ಪ್ಯಾಂಟು ಬಿಚ್ಚಬೇಕು. ಬಿಚ್ಚಲು ಬೆನ್ನಿನ ಪಟ್ಟಿ ಎತ್ತಬೇಕು, ಹದಿನಾಲ್ಕು ಕೊಕ್ಕೆ. ದಿನಾ ಹೆಂಡತಿ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಕೆಲಸ. ದಾರದ ಕತ್ತರಿಯನ್ನು ಹೊಲಿಗೆಗೆ ತೂರಿಸಿ ಕತ್ತರಿಸಿದ, ಒಂದು ಸಾಲು ಬಿಟ್ಟುಕೊಂಡಿತು. ಅದರ ಕೆಳಗೆ ಇನ್ನೊಂದು ಸಾಲು. ಅದರ ಕೆಳಗೆ ಮತ್ತೊಂದು. ಯಾರೋ ವೈರಿ ಕೂತು ಹೊಲಿದ ಹಾಗಿತ್ತು. "ದೊಡ್ಡ ಕತ್ತರಿ! ದೊಡ್ಡ ಕತ್ತರಿ ತಾರೇ!" ಎಂದು ಕಿರುಚಿದ. ಒಳಗೆ ಆಕೆ ಕಪಾಟು ಎಳೆದಾಡುವ ಸದ್ದು. ಬೇರೆ ಯಾರೂ ಮುಟ್ಟಬಾರದೆಂದು ಆ ಕತ್ತರಿಯನ್ನು ಬೀಗ ಹಾಕಿಡುತ್ತಿದ್ದವನೂ ಇವನೇ.

ಮಗುವಿನ ಕಣ್ಣು ಅವನನ್ನೇ ನೋಡುತ್ತಿತ್ತು. ಪಟಪಟ ಬಾಯಿಯಿಂದ ಮಾತು ಬರುತ್ತಿರಲಿಲ್ಲ. ಕೈಗವಸಿನೊಳಗಿನ ಪುಟ್ಟ ಕೈ ಬಲತೊಡೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಕಚ್ಚಿದ ಜಾಗ ಅದು.

ಕಚ್ಚಿದ ಜಾಗ. ಹುಳ ಕಚ್ಚಿತಲ್ಲ? ಈ ಬಟ್ಟೆಯೊಳಗೆ ಹೋಗಿ ಕಚ್ಚಿತಲ್ಲ? ಅದಕ್ಕೆ ದಾರಿ ಸಿಕ್ಕಿದೆ ಅಂದಮೇಲೆ ದಾರಿ ಇದೆ.

ಆ ಪುಟ್ಟ ಕೈ ಸರಿಸಿ ಜೇಬಿನ ಬಾಯಿಯನ್ನು ಎರಡೂ ಕಡೆಗೆ ಎಳೆದು ಅಗಲಿಸಿದ. ನಜ್ಜುಗುಜ್ಜಾದ ಗಂಟೆಹೂ, ಅದರ ಪಕ್ಕ ಸತ್ತ ಹುಳ. ಎರಡನ್ನೂ ಕಿತ್ತು ಎಸೆದು, ಒಳಚೀಲಕ್ಕೆ ನಾಟಿದ್ದ ಹುಳದ ಕರಿಮುಳ್ಳನ್ನು ಉಗುರಿನಿಂದ ಕೆರೆದು ಹಾಕಿದ. ಕೆಳಗೆ ಕಂಡದ್ದು ದಿಂಬಿನ ಚೀಲದ ಬಟ್ಟೆ. ಸವೆದು ಸವೆದು ಅದರಾಚೆಗಿನ ಮಗುವಿನ ಚರ್ಮದ ಬಣ್ಣ ಕಾಣುತ್ತಿತ್ತು.

ಎರಡನೆಯ ಪೆನ್ನು ತೆಗೆದ. ಇದು ಕೊನೆಯದು. ಲೋಟ ಹಿಡಿದರೂ ನಡುಗುವ ಕೈ ಆ ಹೊತ್ತು ನಡುಗಲಿಲ್ಲ. ಮಂಡಿಗೂ ಸೊಂಟಕ್ಕೂ ನಡುವಿನ ಮಧ್ಯವನ್ನು ಕಣ್ಣಲ್ಲೇ ಅಳೆದು, ಜೇಬಿನ ಸೀಳಿನೊಳಗೆ ನೆಟ್ಟಗೆ ಇಳಿಸಿ ಒತ್ತಿದ. ಕ್ಲಿಕ್. ಮಗು ಬೆಚ್ಚಿ ಕಾಲು ಎಳೆದುಕೊಳ್ಳಲು ನೋಡಿತು, ಮಂಡಿಯ ಮೇಲೆ ಇನ್ನೊಂದು ಕೈ ಇಟ್ಟು ಅಲುಗದಂತೆ ಹಿಡಿದ.

"ಒಂದು," ಎಂದ. "ಎಣಿಸಮ್ಮ. ತಾತನ ಜೊತೆ ಎಣಿಸು. ಎರಡು. ಮೂರು."

ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ನಾಲ್ಕು. ಐದು. ದೊಡ್ಡ ಕತ್ತರಿ ಹಿಡಿದು ಬಂದ ಹೆಂಡತಿ ಅಲ್ಲೇ ಕುಸಿದು ಕೂತಳು. ಎಂಟು. ಒಂಬತ್ತು. ಹತ್ತು. ಪೆನ್ನು ಎತ್ತಿದ. ಚೀಲದ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತವಿತ್ತು. ಒದ್ದೆಯಿರಲಿಲ್ಲ.

ಆಮೇಲಿನ ನಿಮಿಷಗಳನ್ನು ಯಾರಾದರೂ ಕೇಳಿದರೆ ಟೈಲರ್ ಇವತ್ತಿಗೂ ಹೇಳುವುದಿಲ್ಲ, ಎದ್ದು ಹೋಗುತ್ತಾನೆ. ಮಗುವಿನ ಕಾಲನ್ನು ಹೆಂಡತಿ ತನ್ನ ತೊಡೆಯ ಮೇಲೆ ಎತ್ತರಿಸಿಟ್ಟುಕೊಂಡಳು. ಇವನು ಅವಳ ಮುಖದ ಹತ್ತಿರ ಕಿವಿಯಿಟ್ಟು ಆ ಕಿರುಗುಟ್ಟುವಿಕೆ ಕೇಳುತ್ತ ಕೂತ. ಅದು ನಿಲ್ಲಲಿ ಎಂದೂ ಬೇಡಿಕೊಂಡ, ನಿಂತುಬಿಟ್ಟರೆ ಎಂದೂ ಸತ್ತುಹೋದ. ಗೋಡೆಯಾಚೆ ಸೈರನ್ ಕೇಳುವ ಹೊತ್ತಿಗೆ ಸದ್ದು ಸ್ವಲ್ಪ ಸಡಿಲವಾಗಿತ್ತು. ಬಂದವರು ದೊಡ್ಡ ಕತ್ತರಿಯಿಂದ ಕ್ಯಾನ್ವಾಸನ್ನು ಕೊರಳಿನಿಂದ ಕಾಲಿನವರೆಗೆ ಸೀಳಿ, ಮೂಗಿಗೆ ಆಮ್ಲಜನಕದ ಮುಖವಾಡ ಇಟ್ಟು ಎತ್ತಿಕೊಂಡು ಹೋದರು.

ಮಗಳು ಬಸ್ಸನ್ನು ಇನ್ನೊಬ್ಬ ಡ್ರೈವರ್ ಕೈಗೆ ಕೊಟ್ಟು ಆಸ್ಪತ್ರೆಗೆ ಬಂದಾಗ ಚಿನಕುರುಳಿ ನಿದ್ದೆಯಲ್ಲಿದ್ದಳು. ಉಸಿರು ಸರಿಯಾಗಿತ್ತು. ಹಾಸಿಗೆಯ ಈ ಕಡೆ ನಿಂತಿದ್ದ ಟೈಲರ್ ಒಂದನ್ನೂ ಮುಚ್ಚಿಡಲಿಲ್ಲ. "ಹೂ ನಾನೇ ಕಿತ್ತು ಜೇಬಿಗೆ ಹಾಕಿದೆ. ಒಂದು ಪೆನ್ನು ನಾನೇ ಹಾಳು ಮಾಡಿದೆ. ಆ ಬಟ್ಟೆ..." ಎಂದ.

ಮಗಳು ಅವನನ್ನು ನೋಡಿದಳು. ಮಗುವಿನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನ ಅವಳು ಅವನೊಡನೆ ಮಾತಾಡಲಿಲ್ಲ, ಮಗುವನ್ನೂ ಕಳಿಸಲಿಲ್ಲ, ರಜೆ ಹಾಕಿ ಮನೆಯಲ್ಲೇ ಕೂತಳು. ಇತ್ತ ಹೆಂಡತಿ ಅದೇ ಸಂಜೆ ದೊಡ್ಡ ಕತ್ತರಿ ಹಿಡಿದು ಹಿತ್ತಲಿಗಿಳಿದಿದ್ದಳು. ಎರಡು ವರ್ಷ ಕಾದ ಗಂಟೆಹೂಗಳನ್ನೂ ಅಂಚಿನ ನೀಲಿ ಹೂಗಳನ್ನೂ ಬುಡದಿಂದ ಕತ್ತರಿಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸಬಾರದ ಕತ್ತರಿ ಅದು. ಹಿಂದೊಮ್ಮೆ ಆಕೆ ಅದರಿಂದ ಒಂದು ಗುಲಾಬಿ ಕಡ್ಡಿ ಕತ್ತರಿಸಿದ್ದಕ್ಕೆ ಈ ಮನುಷ್ಯ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಈಗ ಅದರ ಬಾಯಿಗೆ ಹಸಿರು ಕಲೆ ಮೆತ್ತಿದ್ದು ನೋಡಿ, ಎಣ್ಣೆ ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟ. ಕಪಾಟಿಗೆ ಬೀಗ ಹಾಕಲಿಲ್ಲ. ಖಾಲಿ ಪೆನ್ನನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದ. ತನ್ನ ಹತ್ತಿರ ಆ ಮಗುವನ್ನು ಇನ್ನು ಬಿಡಲಾರರು, ಬಿಡಲೂ ಬಾರದು ಎಂದು ಅವನಿಗೇ ಅನ್ನಿಸಿತ್ತು.

ನಾಲ್ಕನೆಯ ದಿನ ಬಾಗಿಲು ತೆರೆದು ಮಗಳು ಬಂದಳು. ಒಂದು ಕೈಯಲ್ಲಿ ಚಿನಕುರುಳಿ, ಇನ್ನೊಂದರಲ್ಲಿ ದೊಡ್ಡ ಗಂಟು, ಕೊರಳಲ್ಲಿ ಹೊಸ ಪೆನ್ನುಗಳ ಡಬ್ಬಿ. ನೇರ ಹಿಂಬಾಗಿಲಿಗೆ ಹೋಗಿ ಬೋಳಾದ ಹಿತ್ತಲನ್ನು ನೋಡಿದಳು. ಗುಲಾಬಿಯೊಂದೇ ಉಳಿದಿತ್ತು, ಗೋಡೆ ಹತ್ತಿ ಕೈಗೆ ಸಿಗದಷ್ಟು ಮೇಲೆ.

"ಅದನ್ನೂ ಏಣಿ ಹಾಕಿ ತೆಗೀತೀನಿ ಕಣೇ," ಎಂದಳು ಅಮ್ಮ.

"ಬಿಡಮ್ಮ," ಎಂದಳು ಮಗಳು. "ನಿನ್ನೆ ನನ್ನ ಬಸ್ಸಿನ ದಾರಿ ಉದ್ದಕ್ಕೂ ನಡ್ಕೊಂಡು ನೋಡ್ಕೊಂಡು ಬಂದೆ. ಎಲ್ಲಾ ಮನೆ ಮುಂದೆ ಹೂವಿದೆ. ಸ್ಕೂಲ್ ಗೇಟಿಗೆ ಬಳ್ಳಿ ಹಬ್ಬಿದೆ. ಎಷ್ಟು ಅಂತ ಕತ್ತರಿಸ್ತೀಯ?"

ಆಮೇಲೆ ಗಂಟನ್ನು ತಂದು ಅಪ್ಪನ ಹೊಲಿಗೆಮೇಜಿನ ಮೇಲೆ ಬಿಚ್ಚಿದಳು. ಚಿನಕುರುಳಿಯ ಅಷ್ಟೂ ಬಟ್ಟೆ. ಲಂಗ, ಫ್ರಾಕು, ಶಾಲೆಯ ಸಮವಸ್ತ್ರ, ಮಲಗುವಾಗಿನ ಪ್ಯಾಂಟು.

"ಡಾಕ್ಟರು ನಿನ್ನ ಬಗ್ಗೇನೇ ಕೇಳಿದ್ರು," ಎಂದಳು, ಬಟ್ಟೆಗಳನ್ನೇ ನೋಡುತ್ತ. "ಜೇಬಿನೊಳಗೆ ಚುಚ್ಚಬೇಕು ಅಂತ ಹೊಳೆದದ್ದು ಯಾರಿಗೆ ಅಂತ." ಒಂದು ಫ್ರಾಕು ಎತ್ತಿ ಅವನ ಮುಂದೆ ಹರಡಿದಳು. "ಅಪ್ಪಾ, ನಾನಿಲ್ದೇ ಇರಬಹುದು, ನೀನಿಲ್ದೇ ಇರಬಹುದು. ಟೀಚರ್ ಇರ್ತಾರೆ, ಇಲ್ಲ ದಾರೀಲಿ ಹೋಗೋರು ಯಾರೋ ಇರ್ತಾರೆ. ಗಾಬರೀಲಿ ಅವರಿಗೆ ಚುಚ್ಚೋ ಜಾಗ ಗೊತ್ತಾಗಬೇಕಲ್ಲ? ಎಲ್ಲದಕ್ಕೂ ಅಲ್ಲೇ ಒಂದು ಗುರುತು ಹೊಲಿದುಕೊಡು. ತೆಳ್ಳಗೆ, ಸುತ್ತ ಗೆರೆ ಮಾತ್ರ. ಮಧ್ಯ ಬರೀ ಬಟ್ಟೆ ಇರ್ಲಿ."

ಟೈಲರ್ ತಲೆಯಾಡಿಸಿದ. ಸೂಜಿ ತೆಗೆದ, ದಾರ ತೆಗೆದ. ನಲವತ್ತೈದು ವರ್ಷದಲ್ಲಿ ಮೊದಲ ಸಲ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಅಂದು ಬಾರದ ನಡುಕವೆಲ್ಲ ಒಟ್ಟಿಗೆ ಈಗ ಕೈಗೆ ಬಂದಿತ್ತು. ನಾಲ್ಕು ಸಲ ನೋಡಿದ, ಐದು ಸಲ ನೋಡಿದ.

"ಕೊಡಿಲ್ಲಿ," ಎಂದು ಚಿನಕುರುಳಿ ಕಿತ್ತುಕೊಂಡು, ನಾಲಿಗೆ ಹೊರಗೆ ಹಾಕಿ, ಪೋಣಿಸಿ ಕೊಟ್ಟಳು. "ಏನು ಹೊಲೀತೀಯ?"

"ಒಂದು ಸೊನ್ನೆ."

"ಸೊನ್ನೆ ಚೆನ್ನಾಗಿರಲ್ಲ. ಗಂಟೆಹೂ ಹಾಕು."

ತಾತ ಅವಳ ಅಮ್ಮನ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದ್ದಳು, ಬೇಡ ಎನ್ನಲಿಲ್ಲ.

"ನಿಂಗೆ ಹೆದರಿಕೆ ಆಗಲ್ವೇನಮ್ಮ, ಆ ಹೂ ಕಂಡ್ರೆ?"

"ಆಗುತ್ತೆ," ಎಂದಳು. "ಆದ್ರೂ ಚೆನ್ನಾಗಿದೆ."

ಸಮವಸ್ತ್ರದ ಲಂಗಕ್ಕೆ ಮೊದಲು ಹೊಲಿದ. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಲಂಗ ತೊಡಿಸಿ, ಸೊಂಟದಿಂದ ಮಂಡಿಗೆ ಟೇಪು ಹಿಡಿದು ಅಳೆದ. ಮತ್ತೆ ಅಳೆದ. ನಂಬಿಕೆ ಬರದೆ ಮೂರನೆಯ ಸಲವೂ ಅಳೆದ. ನೇರಳೆ ದಾರದ ಗೆರೆಯಲ್ಲಿ ಬಾಯಿ ಬಿಟ್ಟ ಹೂವೊಂದು ಹೊರತೊಡೆಯ ನಟ್ಟನಡುವೆ ನಿಂತಿತ್ತು.

"ಇಲ್ಲೇನಾ ತಾತ ಚುಚ್ಚೋದು?"

"ಇಲ್ಲೇ."

"ಹಾಗಾದ್ರೆ ಒತ್ತು ನೋಡೋಣ. ಸುಮ್ನೆ. ಬೆರಳಲ್ಲಿ."

ಅವನು ಹೆಬ್ಬೆರಳನ್ನು ಹೂವಿನ ಖಾಲಿ ಹೊಟ್ಟೆಯ ಮೇಲಿಟ್ಟ. ಬೆರಳು ನಡುಗುತ್ತಿತ್ತು. ಅವಳು ಅದರ ಮೇಲೆ ತನ್ನ ಎರಡೂ ಅಂಗೈ ಇಟ್ಟು ಅಲುಗದಂತೆ ಒತ್ತಿ ಹಿಡಿದು, ಅಂದು ಹೊರಡದಿದ್ದ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ, ಒಂದರಿಂದ ಹತ್ತರವರೆಗೆ ಎಣಿಸಿದಳು.